ನೀವು ಪುರಾವೆ ಕೇಳದೆ ನಂಬಿದ ನನ್ನ ಒಂದೇ ಮಾತು

ಮಾನ್ಯ ವಿಭಾಗೀಯ ನಿಯಂತ್ರಣಾಧಿಕಾರಿಗಳೇ,

ತಾವು ನನಗೆ ದಯಪಾಲಿಸಿರುವ ಬಡ್ತಿಯನ್ನು ಈ ತಿಂಗಳ ಮೂವತ್ತರೊಳಗೆ ಹಿಂದಕ್ಕೆ ತೆಗೆದುಕೊಳ್ಳಬೇಕು. ವಿಷಯ ಇಷ್ಟೇ. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷವಿದೆ, ಕ್ಲಚ್ ತುಳಿದು ತುಳಿದು ಮಂಡಿ ಸವೆದಿದೆ, ನಸುಕಿನ ಪಾಳಿ ತಪ್ಪಿಸುವ ತರಬೇತುದಾರರ ಹುದ್ದೆ ತಾನಾಗಿ ಮನೆಬಾಗಿಲಿಗೆ ಬಂದಿದೆ. ಇಂಥ ಹೊತ್ತಿನಲ್ಲಿ ಬೇಡ ಎನ್ನುವವಳಿಗೆ ತಲೆ ನೆಟ್ಟಗಿಲ್ಲ ಎಂದು ತಮಗೆ ಅನ್ನಿಸಬಹುದು. ತಲೆ ನೆಟ್ಟಗೇ ಇದೆ ಸ್ವಾಮಿ. ಉರಿದದ್ದು ಹೊಟ್ಟೆ. ಆ ಉರಿಯಲ್ಲಿ ನಾನು ಬರೆದ ಎರಡು ಸಾಲನ್ನು ತಾವು ಸತ್ಯವೆಂದು ನಂಬಿ, ಮೊಹರು ಒತ್ತಿ, ಡಿಪೋದ ಗೋಡೆಗೆ ಅಂಟಿಸಿದ್ದೀರಿ. ಗೋಡೆಗೆ ಬಳಿದದ್ದನ್ನು ಲಕೋಟೆಯೊಳಗೆ ತೊಳೆಯಲಾಗದು, ಅದಕ್ಕೇ ಈ ಪತ್ರ ಪತ್ರಿಕೆಗೆ ಬಂದಿದೆ.

ಮೂರು ವಾರದ ಹಿಂದೆ ನಮ್ಮ ಡಿಪೋದ ಸೂಚನಾ ಫಲಕಕ್ಕೆ ತಮ್ಮ ಕಚೇರಿಯಿಂದ ಒಂದೇ ದಿನ ಎರಡು ಕಾಗದ ಬಂದವು. ಪಿನ್ನುಗಳ ಕೊರತೆಯಿಂದ ಎರಡನ್ನೂ ಒಂದೇ ಪಿನ್ನಿಗೆ ಚುಚ್ಚಿದರು. ಮೇಲಿನದು ಸುತ್ತೋಲೆ. ಮಹಿಳಾ ಸಿಬ್ಬಂದಿಯ ವಿರುದ್ಧ ಅವಾಚ್ಯ ಹಾಗೂ ಅಗೌರವಸೂಚಕ ಪದಗಳ ಬಳಕೆಯನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ ಎಂದು ಅದರಲ್ಲಿತ್ತು. ಕೆಳಗಿನದು ತರಬೇತುದಾರರ ಹುದ್ದೆಯ ಆಯ್ಕೆ ಆದೇಶ. ಇದ್ದ ಇಬ್ಬರು ಅಭ್ಯರ್ಥಿಗಳಲ್ಲಿ ನನ್ನನ್ನು ಆರಿಸಿ, ಇನ್ನೊಬ್ಬಳನ್ನು ಕೈಬಿಟ್ಟದ್ದಕ್ಕೆ ಕಾರಣವಾಗಿ ಆಕೆಯ ಸೇವಾ ವರದಿಯ ಷರಾವನ್ನು ಹಾಗೆಯೇ ಎತ್ತಿ ಹಾಕಿದ್ದೀರಿ: "ಚಾಲನೆ ಉತ್ತಮ. ಆದರೆ ಹಿರಿಯರೊಬ್ಬರ ವಿಶೇಷ ಕೃಪೆ ಇದ್ದಂತೆ ತೋರುತ್ತದೆ. ನಡತೆಯ ಬಗ್ಗೆ ಸಿಬ್ಬಂದಿಯಲ್ಲಿ ಮಾತುಗಳಿವೆ."

ಆ ಷರಾ ಬರೆದವಳು ನಾನು. ಏಕೆಂದರೆ ಕಳೆದ ವರ್ಷದಿಂದ ಪ್ರಭಾರ ತರಬೇತುದಾರಳು ನಾನೇ, ಡಿಪೋದ ಚಾಲಕರ ವರದಿ ತುಂಬುವವಳೂ ನಾನೇ. ವರದಿ ಗೋಪ್ಯ, ತುಂಬಿದವರು ಯಾರೆಂದು ಚಾಲಕರಿಗೆ ತಿಳಿಯದು. ಹುದ್ದೆಗೆ ಅರ್ಜಿ ಹಾಕಿದವಳ ಕೈಗೇ ಎದುರಾಳಿಯ ವರದಿ ಕೊಟ್ಟು, "ಇನ್ನು ಹತ್ತು ದಿನದಲ್ಲಿ ತುಂಬಿ ಕಳಿಸಿ" ಎಂದು ಪತ್ರ ಬರೆದ ತಮ್ಮ ಕಚೇರಿಯ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಹತ್ತು ದಿನ ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ತುಂಬಿದೆ.

ನನ್ನ ಪರಿಚಯ ಹೇಳದೆ ಮುಂದೆ ಹೋದರೆ ತಮಗೆ ಅರ್ಥವಾಗುವುದಿಲ್ಲ. ಹದಿನಾಲ್ಕು ವರ್ಷದ ಹಿಂದೆ ಈ ಡಿಪೋಗೆ ಬಂದ ಮೊದಲ ಚಾಲಕಿ ನಾನು. ಅಂದು ಮುನ್ನೂರು ಗಂಡಸರು, ನಾನೊಬ್ಬಳು. ಸಂಜೆ ಬಸ್ಸನ್ನು ಹಿಮ್ಮುಖವಾಗಿ ತಂದು ಡೀಸೆಲ್ ಪಂಪಿಗೂ ಕಾಂಪೌಂಡಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಲ್ಲಿಸಬೇಕು. ನಾನು ರಿವರ್ಸ್ ಗೇರ್ ಹಾಕಿದ ಸದ್ದು ಕೇಳಿದರೆ ಸಾಕು, ಕ್ಯಾಂಟೀನಿನಲ್ಲಿದ್ದವರೆಲ್ಲ ಟೀ ಲೋಟ ಹಿಡಿದುಕೊಂಡೇ ಹೊರಗೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಶಿಳ್ಳೆ, ಚಪ್ಪಾಳೆ, "ಗೋಡೆ ಕಡೆ ನೋಡ್ಕೊಳ್ಳಿ ಮೇಡಂ, ಗೋಡೆ ನಮ್ದಲ್ಲ, ಸರ್ಕಾರದ್ದು" ಎಂಬ ಕುಹಕ. ಎರಡು ಸಲ ಗೋಡೆಗೆ ಗುದ್ದಿದೆ. ಮೂರನೆಯ ಸಲ ಗುದ್ದಲಿಲ್ಲ, ಆದರೆ ಇಳಿದು ಬಂದು ಸಾಲಿನಲ್ಲಿ ಮುಂದೆ ನಿಂತಿದ್ದವನನ್ನು ಬೈದೆ. ಅವನಮ್ಮ, ಅಕ್ಕ, ಅಜ್ಜಿ ಯಾರನ್ನೂ ಬಿಡದೆ ಬೈದೆ. ಎಲ್ಲರೂ ಹೋ ಎಂದು ನಕ್ಕರು. ಅವತ್ತಿನಿಂದ ನನಗೆ ಕ್ಯಾಂಟೀನಿನ ಬೆಂಚಿನಲ್ಲಿ ಜಾಗ ಸಿಕ್ಕಿತು, "ಏರ್ ಹಾರ್ನ್" ಎಂಬ ಅಡ್ಡಹೆಸರೂ ಸಿಕ್ಕಿತು. ಗಂಡುಬೀರಿ ಎಂದರೆ ಪದಕದಂತೆ ಎದೆಗೆ ಚುಚ್ಚಿಕೊಂಡು ಓಡಾಡಿದೆ.

ಆಮೇಲೆ ಬೈಗುಳ ನನ್ನ ಹೊಟ್ಟೆಪಾಡಿನ ಭಾಗವೇ ಆಯಿತು. ಅಡ್ಡ ಬಂದ ಹೆಂಗಸರೆಲ್ಲ ಬಜಾರಿಗಳು, ಬಿನ್ನಾಣಗಿತ್ತಿಯರು, ಗಯ್ಯಾಳಿಗಳು. ಗಂಡಸರನ್ನು ಬೈಯುವುದು ಇನ್ನೂ ಸುಲಭ, ಅವರ ಅಮ್ಮಂದಿರನ್ನು ಬೈದರಾಯಿತು. ಸಿಗ್ನಲ್ಲಿನಲ್ಲಿ ಹೊರಡಲು ತಡಮಾಡಿದವನಿಗೆ, "ಬಳೆ ತೊಟ್ಕೊಂಡಿದೀಯೇನೋ?" ಎಂದು ಬಳೆ ತೊಟ್ಟ ಕೈಯನ್ನೇ ಕಿಟಕಿಯಿಂದ ಹೊರಗೆ ಚಾಚಿ ಕೂಗುತ್ತಿದ್ದೆ. ತರಬೇತಿಗೆ ಬಂದ ಹುಡುಗರು ಗೇರ್ ಬದಲಿಸಲು ಹೆದರಿದರೆ, "ಹೆಂಗಸಿನ ಥರ ಓಡಿಸ್ಬೇಡ" ಎನ್ನುತ್ತಿದ್ದೆ. ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಿರುವವಳು ಯಾರು ಎಂದು ಅವರಲ್ಲಿ ಒಬ್ಬನಾದರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವರು ನಮ್ಮ ಅತ್ತೆ. ಎಪ್ಪತ್ತೆಂಟು ವರ್ಷ, ಇಪ್ಪತ್ತನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವರು. ಆ ಮಗನೇ ನನ್ನ ಗಂಡ, ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಕಳೆದ ವರ್ಷ ಪೊರೆ ತೆಗೆಸಿದ ಮೇಲೆ ಅತ್ತೆಯನ್ನು ಮತ್ತೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ರಜೆ ಸಿಗಲಿಲ್ಲ, ಆದ್ದರಿಂದ ನನ್ನದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ಮಾರುಕಟ್ಟೆ ತಿರುವಿನಲ್ಲಿ ಸ್ಕೂಟರಿನವನೊಬ್ಬ ಎಡದಿಂದ ನುಗ್ಗಿದ. ಬ್ರೇಕ್ ತುಳಿದು, ತಲೆ ಹೊರಗೆ ಹಾಕಿ, "ಕಣ್ಣು ಕಾಣಲ್ವೇನೋ ಮುಂಡೇಮಗನೇ!" ಎಂದು ಕೂಗಿದೆ.

ಹಿಂದಿನಿಂದ ಅತ್ತೆಯ ದನಿ ಬಂತು. "ಅವನನ್ಯಾಕೆ ಬೈತೀಯೆ ಪಾಪ, ಹೋಗಿ ಇಷ್ಟು ವರ್ಷ ಆಯ್ತು."

"ಯಾರನ್ನ ಅತ್ತೆ?"

"ನನ್ನ ಮಗನ್ನ."

"ಅಯ್ಯೋ, ನಾನು ಬೈದಿದ್ದು ಆ ಸ್ಕೂಟರಿನವನಿಗೆ."

"ಮುಂಡೆ ನಾನು ಇಲ್ಲಿ ಕೂತಿದೀನಲ್ಲಮ್ಮ. ಮಗ ಇನ್ಯಾರು ಮತ್ತೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣಿಗೆ ಕಟ್ಟಿದ್ದ ಹಸಿರು ಬಟ್ಟೆಯನ್ನು ಸರಿಮಾಡಿಕೊಳ್ಳುತ್ತ, ಲೆಕ್ಕ ತಪ್ಪಿದ ಮಗುವಿಗೆ ತಿದ್ದಿ ಹೇಳುವವರಂತೆ ಹೇಳಿದರು. ನಾನು ಕನ್ನಡಿಯಲ್ಲಿ ಅವರ ಮುಖ ನೋಡಲಿಲ್ಲ. ಆ ಪದ ಅಂಟಿಸಿಕೊಳ್ಳಬಹುದಾದ ಹೆಂಗಸರು ಆ ಬಸ್ಸಿನಲ್ಲಿ ಇಬ್ಬರಿದ್ದರು, ಒಬ್ಬಳು ಸ್ಟೇರಿಂಗ್ ಹಿಡಿದಿದ್ದಳು. ಇಂಥ ಪಾಠವಾದ ಮೇಲೆ ಯಾರಾದರೂ ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಎಂದು ತಾವು ತಿಳಿದೀರಿ. ನಾನು ಏಳು ದಿನ ಬಿಡಲಿಲ್ಲ. ಎಂಟನೆಯ ದಿನ ಒಬ್ಬ ಟ್ಯಾಂಕರಿನವನು ಹಾರ್ನ್ ಬಾರಿಸಿದ, ಬಾಯಿ ತನ್ನ ಪಾಡಿಗೆ ತಾನು ಹಳೆಯ ದಾರಿ ಹಿಡಿಯಿತು.

ಇಂಥವಳಿರುವ ಡಿಪೋಗೆ ಎರಡು ವರ್ಷದ ಹಿಂದೆ ವರ್ಗವಾಗಿ ಬಂದವಳು ಆಕೆ, ತಾವು ಕೈಬಿಟ್ಟ ಆ ಇನ್ನೊಬ್ಬ ಅಭ್ಯರ್ಥಿ. ಮೂವತ್ತಾರು ವಯಸ್ಸು, ಒಂಬತ್ತು ವರ್ಷದ ಅನುಭವ. ಹೆಚ್ಚು ಮಾತಿಲ್ಲ, ಹಾಗಾಗಿ ಹುಡುಗರು "ಸೈಲೆನ್ಸರ್" ಎಂದು ಹೆಸರಿಟ್ಟರು. ಇಬ್ಬರಾದೆವಲ್ಲ ಎಂದು ನನಗೆ ಖುಷಿಯಾಗಬೇಕಿತ್ತು. ಎಲ್ಲರೂ ಹಾಗೆಂದೇ ತಿಳಿದರು, "ಅಕ್ಕಂಗೆ ಜೊತೆ ಸಿಕ್ತು" ಎಂದರು. ನಿಜ ಹೇಳುತ್ತೇನೆ, ಮೊದಲ ದಿನವೇ ನನಗೆ ಅವಳನ್ನು ಕಂಡರಾಗಲಿಲ್ಲ. ಅವತ್ತು ಸಂಜೆ ಅವಳು ಬಸ್ಸನ್ನು ರಿವರ್ಸ್ ತಂದಳು. ಎಂದಿನಂತೆ ಗಂಡಸರು ಲೋಟ ಹಿಡಿದು ಹೊರಬಂದರು. ಒಂದೇ ಸಲಕ್ಕೆ, ಒಂದು ಕಡೆಯೂ ತಡೆಯದೆ, ಗೋಡೆಗೂ ಬಸ್ಸಿಗೂ ಒಂದು ಗೇಣು ಬಿಟ್ಟು ನಿಲ್ಲಿಸಿ ಇಳಿದಳು. ಯಾರೂ ಶಿಳ್ಳೆ ಹಾಕಲಿಲ್ಲ. ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ, ನಿವೃತ್ತಿಯ ಅಂಚಿನಲ್ಲಿರುವ ಮನುಷ್ಯ, ಲೋಟ ಕೆಳಗಿಟ್ಟು "ಭೇಷ್" ಎಂದರು.

ಹನ್ನೆರಡು ವರ್ಷ ಅದೇ ಮೇಸ್ತ್ರಿಯ ಕಣ್ಣೆದುರು ಅದೇ ಇಕ್ಕಟ್ಟಿನಲ್ಲಿ ಬಸ್ಸು ನಿಲ್ಲಿಸಿದ್ದೆ. ಒಂದು "ಭೇಷ್" ನನಗೆ ಬಂದಿರಲಿಲ್ಲ. ನಾನು ಅವರಿಂದ ಪಡೆದದ್ದು ನಗು. ಬಾಯಿ ಹೊಲಸು ಮಾಡಿಕೊಂಡು, ನನ್ನಮ್ಮನಂಥ ಹೆಂಗಸರನ್ನೆಲ್ಲ ಬೀದಿಗೆಳೆದು ಸಂಪಾದಿಸಿದ ಬೆಂಚಿನ ಜಾಗ. ಅವಳು ಒಂದು ಬೈಗುಳವಿಲ್ಲದೆ, ಒಂದು ಹಲ್ಲುಕಿರಿತವಿಲ್ಲದೆ ಗೌರವ ಗಳಿಸಿಕೊಂಡು, ಕೈ ಒರೆಸಿಕೊಳ್ಳುತ್ತಾ ಮನೆಗೆ ಹೋದಳು.

ಮಾರ್ಗ ಪರಿಚಯಕ್ಕೆಂದು ಒಂದು ವಾರ ನಾನು ಅವಳ ಪಕ್ಕ ಕೂರಬೇಕಾಯಿತು. ಮೂರನೆಯ ದಿನ ಟೆಂಪೋದವನೊಬ್ಬ ಅಡ್ಡ ನುಗ್ಗಿ, ತಪ್ಪು ತನ್ನದಾದರೂ ಕಿಟಕಿಗೆ ಬಂದು ಬೈಯತೊಡಗಿದ. "ಅಡುಗೆಮನೆ ಬಿಟ್ಟು ಇಲ್ಲೇನೇ ಮಾಡ್ತಿದೀಯ" ಎಂಬಲ್ಲಿಂದ ಶುರುಮಾಡಿ ಎಲ್ಲೆಲ್ಲಿಗೋ ಹೋದ. ನನ್ನ ಬಾಯಿ ತುಂಬಿ ಬಂದಿತ್ತು. ಇವಳು ಕಿಟಕಿಯ ಗಾಜು ಇಳಿಸಿದಳು, ಅವನು ಉಸಿರೆಳೆದುಕೊಳ್ಳುವವರೆಗೂ ಕಾದಳು, ಆಮೇಲೆ ಹೇಳಿದಳು: "ನಿಮ್ಮ ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ. ಸ್ವಲ್ಪ ನೋಡ್ಕೊಳ್ಳಿ."

ಅವನು ಬಾಯಿ ಮುಚ್ಚಿಕೊಂಡು ಟೈರ್ ನೋಡಲು ಹೋದ. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಆ ಕತೆಯನ್ನು ಕ್ಯಾಂಟೀನಿನಲ್ಲಿ ಹದಿನೈದು ದಿನ ಹೇಳಿದ, ಹೇಳಿದ ಪ್ರತಿ ಸಲವೂ ಹೊಸದೇನೋ ಸೇರಿಸಿದ. ಮೊದಲು "ಅಕ್ಕ, ಇವತ್ತು ಯಾರಿಗೆ ಬಿಸಿ ಮುಟ್ಟಿಸಿದ್ರಿ?" ಎಂದು ನನ್ನ ಸುತ್ತ ಕೂರುತ್ತಿದ್ದವರು ಈಗ ಅವಳ ಟೈರಿನ ಕತೆ ಕೇಳಲು ಕೂತರು. ನಾನು ಅವತ್ತೇ ಅವಳನ್ನು ಮೊದಲ ಬಾರಿ "ಮಿಟುಕಲಾಡಿ" ಎಂದೆ. ಅವಳು ಯಾರತ್ತಲೂ ಕಣ್ಣೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಆದರೂ ಅಂದೆ. ಹೆಣ್ಣಿನ ಮೇಲೆ ಹೊಟ್ಟೆಕಿಚ್ಚಾದಾಗ ಪದ ಹುಡುಕಬೇಕಾಗಿಲ್ಲ ನೋಡಿ, ನಾಲಿಗೆಯ ತುದಿಯಲ್ಲೇ ಕಾದು ಕೂತಿರುತ್ತದೆ. ಮಾತಾಡುವವಳು ಬಾಯಿಬಡುಕಿ, ಆಡದವಳು ಜಂಬಗಾತಿ. ಸಿಟ್ಟು ಮಾಡಿದರೆ ಗಯ್ಯಾಳಿ, ಮಾಡದಿದ್ದರೆ ಒಳಗೊಳಗೇ ಕತ್ತರಿಸುವವಳು. ಕೆಲಸ ಕೆಡಿಸಿದರೆ ಹೆಂಗಸಿನ ಬುದ್ಧಿ, ಚೆನ್ನಾಗಿ ಮಾಡಿದರೆ ಯಾರದೋ ಕೃಪೆ.

ಈ ಕೊನೆಯದನ್ನೇ ನಾನು ಷರಾ ಕಾಲಂನಲ್ಲಿ ಬರೆದದ್ದು. ಹಾಗೆ ನೋಡಿದರೆ ಮೊದಲು "ಚಾಲನೆ ಉತ್ತಮ" ಎಂದು ಬರೆದೆ, ಚಾಲನೆ ಕೆಟ್ಟದ್ದು ಎಂಬಷ್ಟು ದೊಡ್ಡ ಸುಳ್ಳು ಬರೆಯಲು ಕೈ ಬರಲಿಲ್ಲ. ಬರೆದ ಮೇಲೆ ಆ ಎರಡು ಪದಗಳೇ ನನ್ನನ್ನು ಅಣಕಿಸತೊಡಗಿದವು. ಮಿಟುಕಲಾಡಿ ಎಂದು ಬರೆಯುವಂತಿಲ್ಲ, ಕಚೇರಿಯ ಕಾಗದ. ಆದ್ದರಿಂದ ಅದನ್ನೇ ತಮ್ಮ ಭಾಷೆಗೆ ತಿರುಗಿಸಿದೆ. "ವಿಶೇಷ ಕೃಪೆ", "ನಡತೆ", "ಮಾತುಗಳಿವೆ". ಮೇಸ್ತ್ರಿಯ ಒಂದು "ಭೇಷ್" ಅನ್ನು ಎತ್ತಿ ಅವಳ ಹಾಸಿಗೆಯವರೆಗೆ ಒಯ್ದೆ. ಎಷ್ಟು ಸ್ವಚ್ಛವಾದ ಪದಗಳು, ನೋಡಿ! ಒಂದೂ ಅವಾಚ್ಯವಲ್ಲ. ತಮ್ಮ ಸುತ್ತೋಲೆಯ ಪ್ರಕಾರ ನಾನು ಯಾವ ತಪ್ಪೂ ಮಾಡಿಲ್ಲ. ಕ್ಯಾಂಟೀನಿನಲ್ಲಿ ಅಂದಿದ್ದರೆ ಶಿಸ್ತುಕ್ರಮ, ಕಾಲಂನಲ್ಲಿ ಬರೆದದ್ದಕ್ಕೆ ಬಡ್ತಿ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ನಾನು ಬರೆದೆ, ಸರಿ. ತಾವು ಏಕೆ ನಂಬಿದಿರಿ?

ನಾನು ಸೇರಿದ ವರ್ಷ ಡಿಪೋದಲ್ಲಿ ಹೆಂಗಸರಿಗೆ ಶೌಚಾಲಯ ಬೇಕೆಂದು ಅರ್ಜಿ ಕೊಟ್ಟೆ. ಡಿಪೋದಲ್ಲಿ ಮಹಿಳಾ ಸಿಬ್ಬಂದಿ ಇರುವುದನ್ನು ದೃಢೀಕರಿಸುವ ಪತ್ರ ಲಗತ್ತಿಸಿ ಎಂದು ತಮ್ಮ ಕಚೇರಿ ಕೇಳಿತು. ಅರ್ಜಿ ಕೊಟ್ಟವಳೇ ಮಹಿಳಾ ಸಿಬ್ಬಂದಿ ಎಂಬುದು ಸಾಲಲಿಲ್ಲ. ಆರು ವರ್ಷವಾದ ಮೇಲೆ ಟೈರಿನ ಉಗ್ರಾಣದ ಒಂದು ಮೂಲೆಗೆ ಬಾಗಿಲಿಟ್ಟು ಕೊಟ್ಟಿರಿ, ಇವತ್ತಿಗೂ ಒಳಗೆ ರಬ್ಬರಿನ ವಾಸನೆ. ಮೆಕ್ಯಾನಿಕ್ ಒಬ್ಬ ದಿನವೂ ನನ್ನ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಹೊಲಸು ಚಿತ್ರ ಬಿಡಿಸಿಡುತ್ತಿದ್ದಾನೆಂದು ದೂರು ಕೊಟ್ಟೆ. ಬಿಡಿಸುವಾಗ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳನ್ನು ಹಾಜರುಪಡಿಸಿ ಎಂದಿರಿ. ಬಸ್ಸಿನ ಸೀಟು ಮುಂದಕ್ಕೆ ಬರುವುದಿಲ್ಲ, ಕ್ಲಚ್ಚಿಗೆ ಕಾಲು ಎಟುಕದೆ ಸೊಂಟ ಹಿಡಿಯುತ್ತಿದೆ ಎಂದಾಗ ನನ್ನ ಎತ್ತರದ ವೈದ್ಯಕೀಯ ಪ್ರಮಾಣಪತ್ರ ಕೇಳಿದಿರಿ. ಆಗ ಕುರ್ಚಿಯಲ್ಲಿ ಇದ್ದವರು ತಾವಲ್ಲದಿರಬಹುದು, ಕುರ್ಚಿ ಅದೇ. ಹದಿನಾಲ್ಕು ವರ್ಷದಲ್ಲಿ ನನ್ನ ಯಾವ ಮಾತನ್ನೂ ಲಗತ್ತಿಲ್ಲದೆ ನಂಬದ ಆ ಕುರ್ಚಿ, ಇನ್ನೊಬ್ಬ ಹೆಂಗಸಿನ ಶೀಲದ ಬಗ್ಗೆ ನಾನು ಎರಡು ಸಾಲು ಗೀಚಿದೊಡನೆ ತಟ್ಟನೆ ನಂಬಿಬಿಟ್ಟಿತು. ಆ ಹಿರಿಯರು ಯಾರು ಎಂದು ಕೇಳಲಿಲ್ಲ. ಮಾತುಗಳು ಯಾರವು ಎಂದು ಕೇಳಲಿಲ್ಲ. ಇದನ್ನು ಬರೆದವಳೇ ಎದುರಾಳಿ ಎಂಬುದು ಪಕ್ಕದ ಹಾಳೆಯಲ್ಲೇ ಇತ್ತು, ಹಾಳೆ ತಿರುವಲಿಲ್ಲ. ಮೇಲೆ ಹೇಳಿದ ಪದಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು ಎಂದು ನಾನು ಒಪ್ಪಿಕೊಂಡಿದ್ದೇನೆ. ತಮ್ಮ ಕಿವಿಯ ತುದಿಯಲ್ಲೂ ಅವು ಇದ್ದವೇನೋ, ಒಪ್ಪಿಕೊಳ್ಳುವುದು ತಮಗೆ ಬಿಟ್ಟದ್ದು.

ಆದೇಶ ಬಂದ ಮರುದಿನ ಯಾರೋ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚಿದರು. ಅದು ಅವಳ ಮನೆಯವರೆಗೂ ಹೋಯಿತು. ಅವಳ ಗಂಡ ದರ್ಜಿ. ಜಗಳಗಂಟನಲ್ಲ, ಹೆಂಡತಿಯ ನಸುಕಿನ ಪಾಳಿಗೆ ತಾನೇ ಎದ್ದು ಟೀ ಮಾಡಿಕೊಡುತ್ತಿದ್ದವನು. ಅವನು ಒಂದೇ ಒಂದು ಪ್ರಶ್ನೆ ಕೇಳಿದನಂತೆ: "ಆ ಹಿರಿಯರು ಯಾರು?" ಮೂರು ವಾರದಿಂದ ಅದನ್ನೇ ಕೇಳುತ್ತಿದ್ದಾನಂತೆ. ಇತ್ತ ಮೇಸ್ತ್ರಿ ಅವಳ ಬಸ್ಸು ಒಳಗೆ ಬಂದರೆ ಮುಖ ತಿರುಗಿಸಿ ಉಗ್ರಾಣಕ್ಕೆ ಹೋಗುತ್ತಾರೆ. ಅವಳ ಬಸ್ಸಿನ ಬ್ರೇಕ್ ಪರೀಕ್ಷೆಗೂ ಬೇರೆಯವರನ್ನು ಕಳಿಸುತ್ತಾರೆ.

ಹೋದ ಸೋಮವಾರ ಆ ರಬ್ಬರ್ ವಾಸನೆಯ ಕೋಣೆಯಲ್ಲಿ ನಾನು ಸಮವಸ್ತ್ರ ಬದಲಿಸುತ್ತಿದ್ದಾಗ ಅವಳು ಒಳಗೆ ಬಂದಳು.

"ಅಕ್ಕ, ನಾನು ರಾಜೀನಾಮೆ ಕೊಟ್ಟಿದೀನಿ. ಮೂವತ್ತನೇ ತಾರೀಕು ಕೊನೆ."

"ಯಾಕೆ? ತಲೆಗಿಲೆ ಕೆಟ್ಟಿದ್ಯಾ?"

"ಮನೇಲಿ ಇರಕ್ಕಾಗ್ತಿಲ್ಲ. ಇಲ್ಲೂ ಇರಕ್ಕಾಗ್ತಿಲ್ಲ." ಬಾಗಿಲು ಮುಂದೆಮಾಡಿ ಹೇಳಿದಳು: "ಹೋಗೋ ಮುಂಚೆ ಸಾಹೇಬ್ರಿಗೆ ಒಂದು ಕಾಗದ ಬರೀಬೇಕು ಅಂತ. ನಂಗೆ ಅಂಥದ್ದೆಲ್ಲ ಬರೆಯಕ್ಕೆ ಬರಲ್ಲ. ನೀವು ಹಿರಿಯರು, ನಿಮ್ಮ ಮಾತಿಗೆ ಬೆಲೆ ಇದೆ. ನಂಗೋಸ್ಕರ ನೀವು ಬರೆದುಕೊಡ್ತೀರಾ?"

ಮಾನ್ಯರೇ, ಅವಳು ಕೇಳಿದ ಕಾಗದ ಇದು. ಅವಳು ಹಾಗೆ ಕೇಳಿದಾಗಲೂ ನನ್ನೊಳಗೆ ಮೊದಲು ಎದ್ದದ್ದು ಮರುಕವಲ್ಲ. ಇವಳು ಹೋದರೆ ಮತ್ತೆ ನಾನೊಬ್ಬಳೇ, ಬೆಂಚು ಮತ್ತೆ ನನ್ನದೇ ಎಂಬ ಲೆಕ್ಕ. ಆ ಲೆಕ್ಕ ಮುಗಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಅದು ನಿಜ, ಆದರೆ ಆಮೇಲೆ. ಇವತ್ತಿಗೂ ಅವಳು ಸ್ಟೇರಿಂಗ್ ತಿರುಗಿಸುವುದನ್ನು ಕಂಡರೆ ಎದೆಯಲ್ಲಿ ಏನೋ ಕುಟುಕುತ್ತದೆ. ತಪ್ಪೊಪ್ಪಿಗೆ ಬರೆದರೆ ಹೊಟ್ಟೆಕಿಚ್ಚು ಇಳಿಯುತ್ತದೆ ಎಂದುಕೊಂಡಿದ್ದೆ. ಆರು ಹಾಳೆ ಬರೆದೆ, ಇಳಿದಿಲ್ಲ. ಅದು ನನ್ನದು, ನಾನೇ ಇಟ್ಟುಕೊಳ್ಳುತ್ತೇನೆ, ಅವಳ ವರದಿಯಲ್ಲಿ ಅದಕ್ಕೆ ಕಾಲಂ ಬೇಡ.

ಪತ್ರಿಕೆಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಲೇಬೇಕಿತ್ತು. ನಿನ್ನೆ ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ, ಖಾಲಿ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಓದಿದೆ. ಷರಾ ಬರೆದವಳು ನಾನು ಎಂಬಲ್ಲಿ ಅವಳು ನನ್ನತ್ತ ನೋಡಿದಳು. ಆಮೇಲೆ ಕೊನೆಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ನನಗೆ ಗೊತ್ತಿರುವ ಬೈಗುಳಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡು, ಇದನ್ನು ಅನ್ನುತ್ತಾಳೋ, ಅದನ್ನೋ ಎಂದು ಕಾದೆ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಯ ಹಾಳೆಯಲ್ಲಿ ನಾನು ಒಂದು ಸಾಲು ಬರೆದಿದ್ದೆ, ಆಕೆ ದೊಡ್ಡ ಮನಸ್ಸಿನವಳು, ನನ್ನನ್ನು ಕ್ಷಮಿಸಿದ್ದಾಳೆ ಎಂದು. ಅದನ್ನು ಓದಿದಾಗ ಮಾತ್ರ ಬಾಯಿ ಬಿಟ್ಟಳು.

"ಅದೊಂದು ಹೊಡೆದುಹಾಕಿ. ನಾನು ಕ್ಷಮಿಸಿಲ್ಲ."

ಹೊಡೆದುಹಾಕಿದೆ. "ಅಕ್ಕ" ಎನ್ನದೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಅಷ್ಟು ನೆಟ್ಟಗೆ, ಅಷ್ಟು ಚಿಕ್ಕದಾಗಿ ಹೇಳಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಅದಕ್ಕೂ ಅವಳ ಮೇಲೆ ಹೊಟ್ಟೆ ಉರಿಯಿತು.

ಆದ್ದರಿಂದ ನನ್ನ ಬೇಡಿಕೆ. ನನ್ನ ಬಡ್ತಿ ರದ್ದಾಗಬೇಕು. ಆಕೆಯ ವರದಿಯಲ್ಲಿ "ಚಾಲನೆ ಉತ್ತಮ" ಎಂಬುದನ್ನು ಬಿಟ್ಟು ಉಳಿದೆರಡು ಸಾಲು ಸುಳ್ಳು ಎಂದು ಲಿಖಿತವಾಗಿ ಘೋಷಿಸಿ, ಅದೇ ಫಲಕಕ್ಕೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಒಂದು ಪ್ರತಿಯನ್ನು ಅಂಚೆಯಲ್ಲಿ ಆ ದರ್ಜಿಯ ಹೆಸರಿಗೂ, ಒಂದನ್ನು ಮೇಸ್ತ್ರಿಗೂ ಕಳಿಸಬೇಕು. ರಾಜೀನಾಮೆ ಅಂಗೀಕರಿಸದೆ ಹುದ್ದೆಯನ್ನು ಆಕೆಗೆ ಕೊಡಬೇಕು, ತೆಗೆದುಕೊಳ್ಳುವುದು ಬಿಡುವುದು ಆಕೆಯ ಇಷ್ಟ. ನನ್ನ ಮೇಲಿನ ವಿಚಾರಣೆಯನ್ನು ತಮಗೆ ಪುರುಸೊತ್ತಾದಾಗ ನಡೆಸಿ, ನನಗೆ ಅವಸರವಿಲ್ಲ. ಆಕೆಗಿದೆ. ಇವತ್ತು ಇಪ್ಪತ್ತಾರನೆಯ ತಾರೀಕು.

ಇಂತಿ,
ಸೇವೆಯಲ್ಲಿ ಹಿರಿಯಳು, ರಿವರ್ಸಿನಲ್ಲಿ ಕಿರಿಯಳು,
ಇನ್ನು ನಾಲ್ಕು ದಿನದ ಮಟ್ಟಿಗೆ ತಮ್ಮ ತರಬೇತುದಾರಳು